ಗುಡ್ಡದಾಚೆಯ ಈಡು

ದೆವ್ವ ಭೂತ ಎಂದರೆ ನಾನು ನಗುವವಳು. ತೀರ್ಥಹಳ್ಳಿ ಪೇಟೆಯಲ್ಲಿ ಬಸ್‌ಸ್ಟ್ಯಾಂಡಿನ ಗಲಾಟೆ ಕೇಳುತ್ತಾ ಬೆಳೆದವಳಿಗೆ ಅದಕ್ಕೆಲ್ಲ ಪುರುಸೊತ್ತಿರಲಿಲ್ಲ. ಆದರೂ ಮೂರುಸಂಜೆಯಲ್ಲಿ ನಮ್ಮ ಮನೆಯ ಹಿಂದಿನ ಗುಡ್ಡದ ಕಡೆಯಿಂದ ಒಂದು ಈಡು ಕೇಳಿದರೆ ಇವತ್ತಿಗೂ ನನ್ನ ಮೈ ಜುಮ್ಮೆನ್ನುತ್ತದೆ. ಆ ಈಡು ಹೊಡೆಯುವುದು ದೆವ್ವವಲ್ಲ, ಶುಂಠಿ ಬೆಳೆಯುವ ಒಬ್ಬ ಒಳ್ಳೆಯ ಮನುಷ್ಯ. ಕೋವಿ ಮಾತ್ರ ನಮ್ಮದು. ನಮ್ಮದಾಗಿತ್ತು ಎನ್ನಬೇಕು. ನಾವೇ ಅದನ್ನು ಮಾರಿದೆವು.

ಹೊಸನಗರ ತಾಲ್ಲೂಕಿನ ಈ ಊರಿಗೆ ನಾನು ಸೊಸೆಯಾಗಿ ಬಂದಾಗ ಕೋವಿ ನಡುಮನೆಯ ಮೂಲೆಯಲ್ಲಿ ಗೋಡೆಗೆ ಒರಗಿ ನಿಂತಿತ್ತು. ನಳಿಗೆಯ ಬಾಯಿಂದ ಮದ್ದು ತುಂಬಿ ಕೇಪು ಇಟ್ಟು ಹೊಡೆಯುವ ಹಳೇ ಕಾಲದ್ದು. ಬೆಳೆ ಕಾಯುವುದಕ್ಕೆಂದು ಮಾವನ ಹೆಸರಿನಲ್ಲಿ ಲೈಸೆನ್ಸ್ ಇತ್ತು. ನಮ್ಮ ಗದ್ದೆ ಇರುವುದು ಗುಡ್ಡದ ಆಚೆ ಮಗ್ಗುಲಲ್ಲಿ. ಹಂದಿ ಇಳಿಯುವ ಹೊತ್ತಿಗೆ ಮಾವ ಕೋವಿ ಹೆಗಲಿಗೇರಿಸಿ ಅಲ್ಲಿಗೆ ಹೋಗುವರು. ವಾಪಸು ಬರುವಾಗ ಗುಡ್ಡದ ನೆತ್ತಿಯಲ್ಲಿ ನಿಂತು, ಗುಂಡಿಲ್ಲದೆ ಬರೀ ಮದ್ದು ಹಾಕಿ, ಒಂದು ಹುಸಿ ಈಡು ಹೊಡೆಯುವರು. ಅದು ಹಂದಿಗಲ್ಲ, ಅತ್ತೆಗೆ. ನಾನು ಬರುತ್ತಿದ್ದೇನೆ, ಬಚ್ಚಲ ಒಲೆಗೆ ಕಟ್ಟಿಗೆ ತುರುಕು, ಸ್ನಾನಕ್ಕೆ ನೀರು ಕಾಯಲಿ ಎಂದು ಅದರ ಅರ್ಥ. ಅತ್ತೆ ಕೈಗೆ ಹತ್ತಿದ ಹಿಟ್ಟನ್ನೂ ತೊಳೆಯದೆ ಅಂಗಳಕ್ಕೆ ಹೋಗಿ, ಬಾಯಿಗೆ ಕೈ ಅಡ್ಡ ಹಿಡಿದು ಉದ್ದಕ್ಕೆ ಕೂ ಹಾಕುವರು. ಅವರ ತವರು ಸಾಗರದ ಆಚೆ, ಲಿಂಗನಮಕ್ಕಿ ಹಿನ್ನೀರಿನ ದಂಡೆಯಲ್ಲಿ. ಆಚೆ ದಡದ ದೋಣಿಯನ್ನು ಕೂ ಹಾಕಿಯೇ ಕರೆದು ಪಳಗಿದ ಗಂಟಲು ಅದು. ಆ ಕೂ ಕೇಳುವ ತನಕ ಮಾವ ನೆತ್ತಿ ಇಳಿಯುತ್ತಿರಲಿಲ್ಲ.

“ಇಷ್ಟಕ್ಕೆಲ್ಲ ಮದ್ದು ಸುಡ್ಬೇಕಾ ಮಾವ? ನೆತ್ತೀಲಿ ಚೆನ್ನಾಗಿ ನೆಟ್‌ವರ್ಕ್ ಸಿಗ್ತದೆ, ಒಂದು ಫೋನ್ ಮಾಡಿ” ಎಂದು ನಾನು ಕೀಟಲೆ ಮಾಡಿದ್ದುಂಟು.

“ಫೋನ್ ಮಾಡಿದ್ರೆ ಅವ್ಳು ಹಲೋ ಅಂತಾಳೆ ಮಾರಾಯ್ತಿ, ಕೂ ಅಂತಾಳಾ?” ಎಂದಿದ್ದರು ಮಾವ.

ಅವರು ಎದೆನೋವೆಂದು ಶಿವಮೊಗ್ಗದ ಆಸ್ಪತ್ರೆಗೆ ಹೋದವರು ಮರಳಿ ಬಂದದ್ದು ಆಂಬುಲೆನ್ಸಿನಲ್ಲಿ, ಮಟಮಟ ಮಧ್ಯಾಹ್ನ. ಗುಡ್ಡದ ಕಡೆಯಿಂದಲ್ಲ, ಟಾರು ರಸ್ತೆಯ ಕಡೆಯಿಂದ. ಮನೆ ತುಂಬ ಅಳುವಾಗ ಅತ್ತೆ ಮಾತ್ರ ಬಚ್ಚಲ ಬಾಗಿಲಲ್ಲಿ ನಿಂತು ತಣ್ಣಗಿದ್ದ ಹಂಡೆಯನ್ನೇ ನೋಡುತ್ತಿದ್ದರು. ದುಃಖಕ್ಕೆ ಮಂಕು ಕವಿದಿದೆ ಎಂದುಕೊಂಡೆ. ಆ ಮಂಕು ಆಮೇಲೆ ಪೂರ್ತಿ ಇಳಿಯಲೇ ಇಲ್ಲ. ಇಟ್ಟದ್ದು ಮರೆಯುವುದು, ಉಂಡದ್ದು ಮರೆಯುವುದು ಶುರುವಾಯಿತು. ತೀರ್ಥಹಳ್ಳಿಯ ಡಾಕ್ಟರು ಮಾತ್ರೆ ಬರೆದುಕೊಟ್ಟು, ವಯಸ್ಸಿನ ಮರೆವು, ಹೆಚ್ಚು ಗಾಬರಿ ಮಾಡಿಸಬೇಡಿ ಎಂದರು.

ನನ್ನ ಗಂಡ ಸಾಗರ-ಹೊಸನಗರ ರೂಟಿನ ಪ್ರೈವೇಟ್ ಬಸ್ಸಿನ ಡ್ರೈವರು. ಬೆಳಿಗ್ಗೆ ಹೋದರೆ ಬರುವುದು ದೀಪ ಹಚ್ಚುವ ಹೊತ್ತಿಗೆ. ಗದ್ದೆ ಕಾಯುವವರು ಯಾರು? ಅದನ್ನು ಶುಂಠಿ ಬೆಳೆಯುವ ಸ್ನೇಹಿತರೊಬ್ಬರಿಗೆ ಗೇಣಿಗೆ ಕೊಟ್ಟರು. ಅವರಿಗೆ ಕೋವಿ ಬೇಕಿತ್ತು, ಲೈಸೆನ್ಸೂ ಇತ್ತು. ನಮಗೋ, ಚುನಾವಣೆ ಬಂತೆಂದರೆ ಅದನ್ನು ಹೊತ್ತು ಠಾಣೆಗೆ ಒಪ್ಪಿಸುವುದು, ಮುಗಿದ ಮೇಲೆ ಹೋಗಿ ತರುವುದು, ಅದೇ ಒಂದು ರಗಳೆ. ಆಫೀಸಿನ ಕೆಲಸವೆಲ್ಲ ಮುಗಿಸಿ, ಗದ್ದೆ ಗೇಣಿಗೆ ಹೋದ ಬೆನ್ನಿಗೇ ಕೋವಿಯನ್ನು ಅವರಿಗೇ ಮಾರಿದರು. ನಾನಂತೂ ಖುಷಿಯಲ್ಲಿ ಆ ಮೂಲೆಯನ್ನು ಗುಡಿಸಿ ಅಕ್ಕಿ ಚೀಲ ಇಟ್ಟೆ. ಅತ್ತೆ ಕೇಳಲೂ ಇಲ್ಲ.

ಸ್ವಲ್ಪ ದಿನ ಕಳೆದಿತ್ತು. ಒಂದು ಸಂಜೆ ನಾನು ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಗುಡ್ಡದ ಮೇಲಿಂದ ಈಡು ಕೇಳಿತು. ಊರಲ್ಲಿ ಕೋವಿಗಳಿಗೇನು ಬರ, ಆದರೆ ನಮ್ಮ ಕೋವಿಯ ಸದ್ದು ಬೇರೆ. ಢಂ ಎಂದು ಅಲ್ಲಿಗೇ ನಿಲ್ಲದೆ, ಗಂಟಲು ಕಟ್ಟಿದವರು ಕೆಮ್ಮಿದ ಹಾಗೆ ಕೊನೆಯಲ್ಲಿ ಸ್ವಲ್ಪ ಎಳೆಯುತ್ತದೆ. ನಾನು ಸೌಟು ಹಿಡಿದು ನಿಂತಿದ್ದೆ. ಅಂಗಳದಿಂದ ಕೂ ಕೇಳಿತು. ಅಷ್ಟು ಕಾಲ ಸತ್ತೇಹೋಗಿದೆ ಎಂದುಕೊಂಡಿದ್ದ ಕೂ.

ಅತ್ತೆ ಒಳಗೆ ಬಂದರು. ಮುಖ ತೊಳೆದಿಟ್ಟ ಹಾಗಿತ್ತು. “ಏ ಹುಡ್ಗಿ, ಬಚ್ಚಲಿಗೆ ಬೆಂಕಿ ಹಾಕಿದ್ಯಾ? ನಿಮ್ಮ ಮಾವ ನೆತ್ತಿಗೆ ಬಂದ್ರು.”

“ಮಾವ ಎಲ್ಲಿದಾರೆ ಅತ್ತೆ? ತೀರಿಕೊಂಡ್ರಲ್ಲ” ಎಂದುಬಿಟ್ಟೆ. ಬಾಯಿಯ ಚಾಳಿ. ಅತ್ತೆ ಅಲ್ಲೇ ಕುಸಿದು ಕೂತು, ಆ ಸುದ್ದಿಯನ್ನು ಅದೇ ಮೊದಲು ಕೇಳಿದವರಂತೆ ಎದೆ ಬಡಿದುಕೊಂಡು ಅತ್ತರು. ಒಬ್ಬ ಹೆಂಗಸು ಎರಡನೇ ಸಲ ವಿಧವೆಯಾಗುವುದನ್ನು ನಾನು ಕಣ್ಣಾರೆ ನೋಡಿದೆ. ಮೂರನೇ ಸಲ ನೋಡುವ ಧೈರ್ಯ ನನಗಿರಲಿಲ್ಲ. ಮರುದಿನ ಈಡು ಕೇಳಿದಾಗ ತೆಪ್ಪಗೆ ಹೋಗಿ ಒಲೆಗೆ ಕಟ್ಟಿಗೆ ತುರುಕಿದೆ. ಸ್ವಲ್ಪ ಹೊತ್ತು ಬಿಟ್ಟು ಅತ್ತೆ, “ಬಂದ್ರಾ?” ಎಂದು ಕೇಳಿದರು. “ಹೂಂ, ಸ್ನಾನಕ್ಕೆ ಹೋದ್ರು” ಎಂದೆ. ಅತ್ತೆ ನಿರಾಳವಾಗಿ ಉಂಡು, ಮಾತ್ರೆ ನುಂಗಿ ಮಲಗಿದರು.

ಶುಂಠಿಯವರು ಗದ್ದೆಯ ಕಾವಲು ಗೂಡು ಸೇರುವ ಮುಂಚೆ ನೆತ್ತಿಗೆ ಬಂದು ಒಂದು ಹುಸಿ ಈಡು ಹೊಡೆದು ಹಂದಿ ಬೆದರಿಸುವ ರೂಢಿ ಮಾಡಿಕೊಂಡಿದ್ದರು. ಅತ್ತೆಯ ಊಟ ಆ ಈಡಿನ ಮೇಲೆ ನಿಂತಿತು. ಮನೆಯಲ್ಲಿ ಇಲ್ಲದವರಿಗಾಗಿ ದಿನಾ ನೀರು ಕಾಯುತ್ತಿತ್ತು. ಒಮ್ಮೊಮ್ಮೆ ಅಡುಗೆಮನೆಯಲ್ಲಿದ್ದಾಗ ಬಚ್ಚಲಲ್ಲಿ ಚೊಂಬಿನ ಸದ್ದು ಕೇಳಿದಂತಾಗಿ ಹೋಗಿ ನೋಡುತ್ತಿದ್ದೆ. ಯಾರೂ ಇರುತ್ತಿರಲಿಲ್ಲ. ನೆಲ ಒಣಗಿರುತ್ತಿತ್ತು. ಹೆದರಿಕೆಯಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಇದನ್ನೆಲ್ಲ ನೋಡಿ ನನ್ನ ಗಂಡ ಕೊರಗಿಹೋದರು. “ನಾನು ಕೋವಿ ಮಾರ್ಲಿಲ್ಲ ಮಾರಾಯ್ತಿ, ಅಪ್ಪಯ್ಯನ್ನೇ ಮಾರಿ ಬಂದೆ. ಅದು ನಮ್ಮನೇಲಿದ್ದಿದ್ರೆ ಅಮ್ಮನಿಗೆ ಈ ಗತಿ ಬರ್ತಿರ್ಲಿಲ್ಲ” ಎನ್ನುವರು. ವಾಪಸು ಕೊಡಿ ಎಂದು ಸ್ನೇಹಿತರನ್ನು ಬಸ್ಸಿನಲ್ಲಿ ಕಂಡಾಗೆಲ್ಲ ಕೇಳುವರು. ಶುಂಠಿ ಕೀಳುವ ತನಕ ತಡೀ ಎನ್ನುವರು ಅವರು.

ಅಷ್ಟರಲ್ಲಿ ಚುನಾವಣೆ ಬಂತು. ಊರಿನ ಕೋವಿಗಳೆಲ್ಲ ಠಾಣೆ ಸೇರಿದವು. ಗುಡ್ಡ ಸುಮ್ಮನಾಯಿತು. ಸಂಜೆಯಾದರೆ ಅತ್ತೆ ಅಂಗಳದಲ್ಲಿ ಕೂತು ನೆತ್ತಿಯ ಕಡೆ ಕಿವಿ ಕೊಡುವರು. ತಟ್ಟೆ ಮುಂದಿಟ್ಟರೆ, “ಅವ್ರು ಇನ್ನೂ ನೆತ್ತಿಗೇ ಬರ್ಲಿಲ್ಲ, ನಂಗೆಂಥ ಊಟ” ಎಂದು ದೂಡುವರು. ರಾತ್ರಿ ಗಂಜಿಯನ್ನೂ ಮುಟ್ಟುತ್ತಿರಲಿಲ್ಲ, ಹಗಲು ಎರಡು ತುತ್ತು ತಿಂದರೆ ಹೆಚ್ಚು. ಇವರು ಒಂದು ದಿನ ರಜೆ ಹಾಕಿ ನೆತ್ತಿ ಹತ್ತಿ ದೊಡ್ಡ ಪಟಾಕಿ ಹೊಡೆದರು. ಅತ್ತೆ ತಲೆ ಎತ್ತಿ ಕೇಳಿ, “ಯಾರ ಮನೇಲೋ ಮದ್ವೆ” ಎಂದರು. ನನಗೆ ನಗುವೂ ಬಂತು, ಅಳುವೂ ಬಂತು. ಅತ್ತೆ ಕಡ್ಡಿಯಾಗುತ್ತಿದ್ದರು. ಹೀಗೇ ಆದರೆ ಚುನಾವಣೆ ಮುಗಿಯುವ ತನಕ ಉಳಿಯುವುದಿಲ್ಲ ಎಂದು ನನಗೆ ಖಾತ್ರಿಯಾಗಿತ್ತು.

ಅಂತೂ ಮುಗಿಯಿತು. ಕೋವಿ ಕೈಗೆ ಬಂದ ದಿನ ಶುಂಠಿಯವರು ಠಾಣೆಯಿಂದ ನೇರ ನಮ್ಮ ಮನೆಗೇ ಬಂದರು. ಇವರೂ ಅವತ್ತು ಸ್ವಲ್ಪ ಬೇಗ ಬಸ್ಸಿನಿಂದ ಇಳಿದು ಬಂದಿದ್ದರು.

“ತಗೋ ಮಾರಾಯ, ನಿಮ್ಮನೇದು ನಿಮ್ಮನೇಲೇ ಇರ್ಲಿ. ಅಮ್ಮ ಊಟ ಬಿಟ್ಟಿದ್ದು ಕೇಳಿ ನಂಗೆ ಅನ್ನ ಸೇರ್ತಿಲ್ಲ. ಹೆಸರು ಬದಲಾಯಿಸೋ ಕೆಲಸ ನಾಳೆನೇ ಶುರು ಮಾಡಣ” ಎಂದರು ಅವರು.

ಇವರು ಎರಡೂ ಕೈ ಚಾಚಿದರು. ಅಷ್ಟರಲ್ಲಿ ಅತ್ತೆ ಗೋಡೆ ಹಿಡಿದುಕೊಂಡು ಜಗಲಿಗೆ ಬಂದರು. ಕೋವಿಯನ್ನು ನೋಡಿದರು. ಗುರುತು ಸಿಕ್ಕಿತು, ಅದರ ಹಿಡಿಯನ್ನು ಮುಟ್ಟಿಯೂ ನೋಡಿದರು. ಆಮೇಲೆ ಬಂದವರ ಬೆನ್ನ ಹಿಂದೆ ಬೇಲಿಯ ದಣಪೆ ಬಾಗಿಲವರೆಗೂ ಕಣ್ಣು ಹಾಯಿಸಿ ಹುಡುಕಿದರು.

“ಕೋವಿ ತಂದ್ರಿ. ಅವ್ರೆಲ್ಲಿ?”

ಅತ್ತೆಯ ತುಟಿ ಅದುರತೊಡಗಿತು. ಬರೀ ಕೋವಿಯೊಂದೇ ಮನೆಗೆ ಬಂದರೆ ಏನರ್ಥ ಎಂಬುದು ಮರೆವಿನ ನಡುವೆಯೂ ಅವರಿಗೆ ಗೊತ್ತಿತ್ತು. ಅಷ್ಟು ದಿನ ಬೇಡಿ ಬೇಡಿ ಪಡೆಯಹೊರಟಿದ್ದನ್ನು ಇವರೇ ಸ್ನೇಹಿತರ ಎದೆಗೆ ಒತ್ತಿ ಹಿಂದೆ ದೂಡಿದರು.

“ಅಪ್ಪಯ್ಯ ಆಚೆ ಗದ್ದೇಲಿದಾರಮ್ಮ. ಮದ್ದು ಮುಗ್ದಿತ್ತಂತೆ. ಇವ್ರು ಕೊಡಕ್ಕೆ ಹೊರಟಿದಾರೆ” ಎಂದವರು, ಸ್ನೇಹಿತರ ಕಡೆ ತಿರುಗಿ ಮೆಲ್ಲಗೆ, “ಹೋಗು ಮಾರಾಯ, ಕೈ ಮುಗೀತೀನಿ. ಇದು ನಮ್ಮನೇಲಿದ್ರೆ ಅಪ್ಪಯ್ಯ ಬರೋದೆಲ್ಲಿಂದ?” ಎಂದರು.

ಆ ಮನುಷ್ಯ ಕೋವಿ ಹೆಗಲಿಗೇರಿಸಿ ಗುಡ್ಡ ಹತ್ತಿದರು. ನಾವು ಮೂವರೂ ಅಂಗಳದಲ್ಲಿ ನಿಂತೆವು. ಬೆಳಕು ಇಳಿಯುತ್ತಿತ್ತು. ಕೊನೆಗೆ ನೆತ್ತಿಯಿಂದ ಬಂತು, ಕೊನೆಯಲ್ಲಿ ಎಳೆಯುವ ಆ ಕೆಮ್ಮು. ಅತ್ತೆ ಕೈ ಅಡ್ಡ ಹಿಡಿದು ಕೂ ಹಾಕಿದರು. ಹಸಿದ ಹೊಟ್ಟೆಯಲ್ಲಿ ಅಷ್ಟು ಗಂಟಲು ಎಲ್ಲಿತ್ತೋ. ನಾನು ಬಚ್ಚಲಿಗೆ ಓಡಿ ಒಲೆಗೆ ಕಟ್ಟಿಗೆ ತುರುಕಿದೆ.

ಆವತ್ತು ಆ ನೀರಲ್ಲಿ ಇವರೇ ಸ್ನಾನ ಮಾಡಿದರು. ಚೊಂಬಿನ ಸದ್ದು ಈ ಸಲ ನಿಜವಾಗಿಯೂ ಕೇಳಿತು. ಅತ್ತೆ ಬಚ್ಚಲ ಬಾಗಿಲಿಗೆ ಹೋಗಿ ನಿಂತು, “ಬಂದ್ರಾ?” ಎಂದರು.

ಒಳಗೆ ನೀರಿನ ಸದ್ದು ನಿಂತಿತು. ಆಮೇಲೆ “ಹೂಂ” ಎಂದಿತು ದನಿ. ಮಾವನದೇ ದನಿ. ಇವರ ಗಂಟಲಲ್ಲಿ ಅದು ಇಷ್ಟು ವರ್ಷ ಎಲ್ಲಿ ಅಡಗಿತ್ತೋ.

ಅತ್ತೆ ಬಾಗಿಲಿಗೆ ಹಣೆ ಆನಿಸಿದರು. “ಅವತ್ತೊಂದಿನ ಈಡು ಹೊಡೀದೆ ಬಂದ್ಬಿಟ್ರಲ್ಲ. ನಾನು ನೀರೂ ಕಾಯಿಸಿರ್ಲಿಲ್ಲ. ತಣ್ಣೀರಲ್ಲೇ ಮೀಯಿಸಿ ಮಲಗಿಸಿದ್ರು ನಿಮ್ನ. ಇನ್ನೊಂದ್ಸಲ ಹಾಗೆ ಬರ್ಬೇಡಿ.”

ಒಳಗೆ ಒಂದು ಚೊಂಬು ನೀರು ಸುರಿದುಕೊಂಡ ಸದ್ದಾಯಿತು. ಆಮೇಲೆ ಮತ್ತೆ “ಹೂಂ” ಎಂದು ಕೇಳಿತು. ಅತ್ತೆ ಬಂದು ತಟ್ಟೆಯ ಮುಂದೆ ಕೂತರು, ಅನ್ನ ಬಡಿಸು ಎಂದರು.