ಮಲಗಲಾರದ ನಾಯಿಯ ಪರವಾಗಿ

ರೇಷ್ಮೆಹುಳು ಸಾಕುವ ಮನೆಯಲ್ಲಿ ಯಾವುದಕ್ಕೂ ಹೆಸರಿಡುವುದಿಲ್ಲ. ತಟ್ಟೆಯ ತುಂಬ ಹರಿದಾಡುವ ಹುಳುಗಳಿಗೆ ಯಾರು ತಾನೇ ಹೆಸರು ಹುಡುಕುತ್ತಾರೆ? ಆ ಅಭ್ಯಾಸ ನಮ್ಮ ನಾಯಿಗೂ ತಗಲಿತ್ತು. ಅದನ್ನು ನಾವು ನಾಯಿ ಎಂದೇ ಕರೆಯುತ್ತಿದ್ದೆವು. ನೋಡಿದವರು ಆ ಪದಕ್ಕೂ ಒಪ್ಪುತ್ತಿರಲಿಲ್ಲ. "ಇದು ನಾಯಿನೇನಮ್ಮ, ಹೆಗ್ಗಣ ಅಲ್ವಾ?" ಎಂದು ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುವವರು ಕೇಳುತ್ತಿದ್ದರು. ಶಿಡ್ಲಘಟ್ಟದ ರೇಷ್ಮೆಗೂಡಿನ ಸಂತೆಯಲ್ಲಿ ಯಾರೋ ಬಿಟ್ಟುಹೋದ ಮರಿಗಳಲ್ಲಿ ಯಾರಿಗೂ ಬೇಡವಾಗಿ ಉಳಿದದ್ದು ಅದು. ಬೆಳೆದ ಮೇಲೂ ಅಪ್ಪನ ಒಂದು ಚಪ್ಪಲಿಯ ಮೇಲೆ ಇಡೀ ಮೈ ಮುದುರಿ ಮಲಗುತ್ತಿತ್ತು.

ಆದರೆ ಆ ಗಾತ್ರವೇ ಅದರ ಯೋಗ್ಯತೆ. ತಟ್ಟೆಗಳನ್ನು ಜೋಡಿಸಿದ ಸ್ಟ್ಯಾಂಡಿನ ಕೆಳಗೆ ಬೆಕ್ಕೂ ತಿರುಗಲು ಹಿಂಜರಿಯುವ ಸಂದಿಯಲ್ಲಿ ಅದು ನುಗ್ಗಿ ಇಲಿ ಹಿಡಿದು ತರುತ್ತಿತ್ತು. ನಮ್ಮ ಮನೆಯಲ್ಲಿ ಎಲ್ಲರೂ ತಾವು ತಿನ್ನುವ ಮುದ್ದೆಗೆ ಸಮನಾಗಿ ಏನಾದರೂ ಮಾಡಲೇಬೇಕಿತ್ತು. ನಾಯಿ ಮಾಡುತ್ತಿತ್ತು. ನಾನು ಮಾಡುತ್ತಿರಲಿಲ್ಲ. ನಾನು ಓದುತ್ತಿದ್ದೆ.

ಓದುತ್ತಿದ್ದುದು ಗೌರಿಬಿದನೂರಿನಲ್ಲಿ, ಸೋದರಮಾವನ ಮನೆಯಲ್ಲಿದ್ದುಕೊಂಡು. ಅಲ್ಲಿ ನಮಗೊಬ್ಬ ಮೇಷ್ಟ್ರಿದ್ದರು. ಚರ್ಚಾಸ್ಪರ್ಧೆಗೆ ತಯಾರು ಮಾಡುವಾಗ ಅವರದು ಒಂದೇ ನಿಯಮ: ಮೇಜಿನ ಮೇಲಿನ ಗಂಟೆ ಬಾರಿಸಿದ ಕೂಡಲೇ, ಅರ್ಧ ವಾಕ್ಯದಲ್ಲಿದ್ದರೂ ಸರಿ, ಪಕ್ಷ ಬದಲಿಸಬೇಕು. ಯಂತ್ರಗಳು ಬೇಕು ಎನ್ನುತ್ತಿದ್ದವಳು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಯಂತ್ರಗಳು ಬೇಡ ಎನ್ನಬೇಕು. ಹಾಗೆ ಪಳಗಿ ಚಿಕ್ಕಬಳ್ಳಾಪುರಕ್ಕೆ ಹೋಗಿ, ಗಂಡುಹುಡುಗರೇ ತುಂಬಿದ್ದ ಸಭೆಯಲ್ಲಿ ಗೆದ್ದು ಬಂದಿದ್ದೆ. ಅರವತ್ತರ ದಶಕದ ಆ ಮೊದಲ ವರ್ಷಗಳಲ್ಲಿ ನನ್ನಿಂದ ಸೋಲಿಸಲಾಗದೆ ಉಳಿದಿದ್ದ ಎದುರಾಳಿ ಒಬ್ಬಳೇ: ನಮ್ಮ ದೊಡ್ಡತ್ತೆ, ಅಪ್ಪನ ಅಕ್ಕ. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಹುಳು ಮನೆಯ ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡವಳು. ಅವಳು ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಗಂಟೆಗೆ ಹೆದರುವವಳೂ ಅಲ್ಲ.

ಆ ಬೇಸಿಗೆ ರಜಕ್ಕೆ ಬಂದಾಗ ನಾಯಿ ಅಂಗಳದ ಮೂಲೆಯಲ್ಲಿ ತಲೆ ಎತ್ತಿಕೊಂಡು ಕೂತಿತ್ತು. ನನ್ನನ್ನು ಕಂಡು ಬಾಲ ಆಡಿಸಿತೇ ಹೊರತು ಏಳಲಿಲ್ಲ. ಅದರ ಮುಂದೆ ತಟ್ಟೆಯೂ ಇರಲಿಲ್ಲ.

"ಇದಕ್ಕೆ ಊಟ?"

"ತಿಂತಾ ಇಲ್ಲ. ತಟ್ಟೆ ತೆಗೆದೆ. ಮುಟ್ಟಬೇಡ, ಸುಮ್ನೆ ಬಿಡು. ತಾನೇ ಏಳುತ್ತೆ," ಅಂದಳು ದೊಡ್ಡತ್ತೆ.

ಈ ಮಾತು ಬೇರೆ ಊರಿನವರಿಗೆ ಕಲ್ಲುಮನಸ್ಸಿನದಾಗಿ ಕೇಳಬಹುದು. ನಮ್ಮ ಕಡೆಯವರಿಗೆ ಇದಕ್ಕಿಂತ ಮೃದುವಾದ ಮಾತಿಲ್ಲ. ಹುಳು ಪೊರೆ ಬಿಡುವ ಹೊತ್ತಿಗೆ ಸೊಪ್ಪು ಮುಟ್ಟುವುದಿಲ್ಲ, ಅಲುಗಾಡುವುದಿಲ್ಲ, ತಲೆ ಮೇಲೆತ್ತಿ ಸುಮ್ಮನೆ ನಿಂತುಬಿಡುತ್ತದೆ. ಆಗ ಸೊಪ್ಪು ನಿಲ್ಲಿಸಬೇಕು, ಕೈ ಹಾಕಬಾರದು, ಜೋರಾಗಿ ಮಾತೂ ಆಡಬಾರದು. ಹಾಗೆ ಬಿಟ್ಟರೆ ಹೊಸ ಚರ್ಮ ಹೊತ್ತು ಹಸಿದು ಏಳುತ್ತದೆ. ಕೈ ಹಾಕಿದರೆ ಸಾಯುತ್ತದೆ. ಹುಟ್ಟಿದಾಗಿನಿಂದ ಇದನ್ನು ನೋಡಿದ ಮನೆಯವರು, ತಿನ್ನದೆ ತಲೆ ಎತ್ತಿ ಕೂತ ನಾಯಿಗೂ ಅದೇ ಮರ್ಯಾದೆ ಕೊಟ್ಟಿದ್ದರು. ಯಾರೂ ಯೋಚಿಸಿ ಕೊಟ್ಟದ್ದಲ್ಲ. ಕೈಗಳು ತಾವಾಗಿ ಹಿಂದೆ ಸರಿದಿದ್ದವು.

ನಾನು ಮುಟ್ಟಿದೆ. ಹೊಟ್ಟೆಯ ಕೆಳಗೆ ಕೈ ಕೊಟ್ಟರೆ ನಿಂಬೆಹಣ್ಣಿನಷ್ಟು ಗಂಟು. ಚಪ್ಪಲಿಯಷ್ಟು ಮೈಗೆ ನಿಂಬೆಹಣ್ಣಿನಷ್ಟು ಗಂಟು. ಮೆಲ್ಲಗೆ ಮಗ್ಗುಲಿಗೆ ಒರಗಿಸಿದೆ, ಕುಂಯ್ ಎಂದು ಮತ್ತೆ ಎದ್ದು ಕೂತಿತು. ಇನ್ನೊಂದು ಮಗ್ಗುಲಿಗೆ ಒರಗಿಸಿದೆ, ಮತ್ತೆ ಕೂತಿತು. ಕೂತಲ್ಲೇ ಅದರ ಕಣ್ಣು ಮುಚ್ಚುತ್ತಿತ್ತು, ತಲೆ ವಾಲುತ್ತಿತ್ತು, ವಾಲಿದ ತಲೆಯನ್ನು ಬೆಚ್ಚಿಬಿದ್ದು ಎತ್ತಿಕೊಳ್ಳುತ್ತಿತ್ತು.

"ಇದು ಪೊರೆ ಬಿಡ್ತಾ ಇಲ್ಲ ಅತ್ತೆ. ಇದಕ್ಕೆ ಮಲಗಕ್ಕಾಗ್ತಿಲ್ಲ."

ದೊಡ್ಡತ್ತೆ ಬಂದು ನೋಡಿದಳು. ಗಂಟು ಮುಟ್ಟಿ ನೋಡಲಿಲ್ಲ. ಅವಳ ಕೈ ಹುಳು ಮುಟ್ಟುವ ಕೈ. "ಪಾಪದ್ದು," ಎಂದಳು. ಆಮೇಲೆ ಎರಡನೆಯ ಅಭ್ಯಾಸ ಎದ್ದಿತು. "ಹಂಗಾದ್ರೆ ಉಳಿಯಲ್ಲ ಕಣೇ. ಹಿತ್ತಲಿಗೆ ಹಾಕಿಬಿಡೋಣ. ಹುಳು ಮನೆ ಹತ್ರ ಬೇಡ."

ಇದೂ ಹುಳುವಿನಿಂದಲೇ ಕಲಿತದ್ದು. ಒಂದು ಹುಳುವಿನ ಮೈ ಊದಿ ಹಾಲಿನ ಬಣ್ಣಕ್ಕೆ ತಿರುಗಿದರೆ ಅದನ್ನು ಆಗಲೇ ಎತ್ತಿ ಎಸೆಯಬೇಕು, ಇಲ್ಲದಿದ್ದರೆ ಇಡೀ ತಟ್ಟೆ ಹೋಗುತ್ತದೆ. ನಮ್ಮಲ್ಲಿ ಕಾಯಿಲೆಗೆ ಇದ್ದುದು ಎರಡೇ ದಾರಿ: ಸುಮ್ಮನೆ ಬಿಡುವುದು, ಇಲ್ಲವೇ ಎಸೆಯುವುದು. ಒಂದೇ ಒಂದು ಜೀವವನ್ನು ಹಿಡಿದು ಕೂತು ರಿಪೇರಿ ಮಾಡಿದ ಉದಾಹರಣೆ ಆ ಮನೆಯಲ್ಲಿರಲಿಲ್ಲ. ನಾನು ಇದನ್ನು ಹೀಗೇ ಹೇಳಿದೆ, ಸೊಪ್ಪು ಆರಿಸುತ್ತಿದ್ದವರೆಲ್ಲರ ಎದುರಿಗೆ.

"ಎಸೆದರೆ ಮಿಕ್ಕಿದ್ದು ಉಳಿಯುತ್ತೆ ಅಂತೀಯ. ಇಲ್ಲಿ ಮಿಕ್ಕಿದ್ದು ಎಲ್ಲಿದೆ? ಇರೋದೇ ಒಂದು ನಾಯಿ."

"ಓಹೋ, ಚಿಕ್ಕಬಳ್ಳಾಪುರದಲ್ಲಿ ಕಪ್ ಕೊಟ್ಟರು ಅಂತ ಇಲ್ಲಿ ಭಾಷಣ ಬಿಗೀಬೇಡ. ಏನ್ಮಾಡ್ತೀಯ ಹೇಳು."

"ಚಿಂತಾಮಣಿ ದನದ ಆಸ್ಪತ್ರೆಗೆ ತಗೊಂಡು ಹೋಗ್ತೀನಿ. ಗಂಟು ಕೊಯ್ಸ್ತೀನಿ."

ಸೊಪ್ಪು ಆರಿಸುತ್ತಿದ್ದವರು ನಕ್ಕರು. "ಎತ್ತು ಕೊಯ್ಯೋ ಚಾಕುಗಿಂತ ನಾಯಿ ಚಿಕ್ಕದೈತಲ್ಲಮ್ಮ," ಎಂದಳು ಒಬ್ಬಳು.

ದೊಡ್ಡತ್ತೆ ನಗಲಿಲ್ಲ. "ಕೊಯ್ಸು ಅಂತ ನಾಯಿ ಕೇಳ್ತಾ ನಿನ್ನ?"

"ಬೇಡ ಅಂತ ನಿನ್ನ ಹತ್ರ ಹೇಳ್ತಾ?"

"ಏಮಿ ನೋರು ತಲ್ಲಿ ಇದಿ," ಎಂದಳು ಅವಳು, ನನ್ನ ಬಾಯಿಯ ಬಗ್ಗೆ. ಅವಳಿಗೆ ತೆಲುಗು ಬಂದರೆ ಸಿಟ್ಟು ಬಂತೆಂದು ಅರ್ಥ. "ಕೈವಾರಕ್ಕೆ ಹೋಗಿ ವಿಭೂತಿ ತಂದು ಹಚ್ಚಬಹುದಿತ್ತು."

"ಹಚ್ಚು. ಹಚ್ಚಿದ ಮೇಲೆ ಮಲಗಿಸಿ ತೋರಿಸು, ನಾನು ಸುಮ್ಮನಾಗ್ತೀನಿ."

ಅಪ್ಪ ಜಗುಲಿಯ ಮೇಲೆ ಕೂತಿದ್ದ. "ಅಕ್ಕ ಹೇಳೋದೂ ಸರಿ, ಇವಳು ಹೇಳೋದೂ ಸರಿ," ಅಂದ. ನಮ್ಮಪ್ಪ ಚರ್ಚಾಸಭೆಯ ಅಧ್ಯಕ್ಷ ಸ್ಥಾನದಲ್ಲೇ ಹುಟ್ಟಿದವನು.

ಆಗ ದೊಡ್ಡತ್ತೆ ತನ್ನ ನಿಜವಾದ ವಾದವನ್ನು ಹೊರಗೆ ತೆಗೆದಳು. ಹುಳು ಕೊನೆಯ ಪೊರೆ ಕಳೆದು ಹಗಲೂ ರಾತ್ರಿ ಸೊಪ್ಪು ಮೇಯುವ ಹೊತ್ತು ಅದು. ಔಷಧಿಯ ವಾಸನೆ ಬಡಿದರೆ ಬೆಳೆ ಕೆಡುತ್ತದೆ. ಹೆರಿಗೆಯಾದವರು, ಗಾಯಕ್ಕೆ ಮದ್ದು ಹಾಕಿಸಿಕೊಂಡವರು ಯಾರೂ ಆ ದಿನಗಳಲ್ಲಿ ನಮ್ಮ ಹೊಸಿಲು ದಾಟುತ್ತಿರಲಿಲ್ಲ. "ಕೊಯ್ಸ್ಕೊಂಡು ಬಾ. ಆದ್ರೆ ಹುಳ ಗೂಡು ಕಟ್ಟಿ, ಗೂಡು ಬಿಡಿಸಿ ಸಂತೆಗೆ ಹೋಗೋವರೆಗೂ ಆ ನಾಯಿ ಈ ಬಾಗಿಲಿಗೆ ಬರಂಗಿಲ್ಲ. ಅದನ್ನ ಮುಟ್ಟಿದೋರೂ ಬರಂಗಿಲ್ಲ."

"ಸರಿ. ನಾನೂ ಬರಲ್ಲ. ತೋಟದಲ್ಲಿ ಸೊಪ್ಪಿನ ಗುಡಿಸಲಿದೆಯಲ್ಲ."

ನಾನು ಇಷ್ಟು ಬೇಗ ಒಪ್ಪುತ್ತೇನೆಂದು ಅವಳು ಎಣಿಸಿರಲಿಲ್ಲ. ಅವಳ ಮುಖ ನೋಡಿ ನನಗೆ ಆದ ಸಂತೋಷ ದೊಡ್ಡದು. ಅದನ್ನು ಮುಚ್ಚಿಡುವ ಕಾರಣ ಅಂದೂ ಕಾಣಲಿಲ್ಲ, ಇಂದೂ ಕಾಣುವುದಿಲ್ಲ.

ಮರುದಿನ ಅಪ್ಪ ನನ್ನ ಜೊತೆ ಹೊರಟ. ಬಸ್ಸಿನವನು ನಾಯಿ ಹತ್ತಿಸುವುದಿಲ್ಲವೆಂದ. ಶಿಡ್ಲಘಟ್ಟದ ಸ್ಟೇಷನ್ನಿನಿಂದ ಚಿಕ್ಕ ರೈಲಿಗೆ ಹೋದೆವು. ಸೊಪ್ಪಿನ ಬುಟ್ಟಿಯಲ್ಲಿ ಹಳೇ ಪಂಚೆ ಹಾಸಿ ನಾಯಿಯನ್ನು ಕೂರಿಸಿದ್ದೆ. ಆ ರೈಲಿನ ಕುಲುಕಾಟಕ್ಕೆ ಬುಟ್ಟಿಯ ಗೋಡೆಗೆ ತಗಲುತ್ತ, ತಗಲಿದಾಗಲೆಲ್ಲ ನನ್ನ ಮುಖ ನೋಡುತ್ತ, ಚಿಂತಾಮಣಿಯವರೆಗೂ ಅದು ಕೂತೇ ಇತ್ತು. ಯಾಕೋ ಆ ದಾರಿಯಲ್ಲಿ ಮೇಷ್ಟ್ರ ಗಂಟೆ ನನ್ನ ತಲೆಯಲ್ಲಿ ಮೊಳಗಿತು. ಪಕ್ಷ ಬದಲಿಸು.

ಬದಲಿಸಿದೆ. ನಾಯಿಗೆ ನಾಳೆ ಎಂಬುದು ಗೊತ್ತಿಲ್ಲ. ನಾಳೆ ಬದುಕುವ ಆಸೆಗಾಗಿ ಇವತ್ತು ಅದನ್ನು ಮೇಜಿನ ಮೇಲೆ ಕೊಂದರೆ ಅದಕ್ಕೆ ಏನು ಸಿಕ್ಕಿತು? ಗಂಟಿನ ಜೊತೆಗೇ ಅಂಗಳದ ಬಿಸಿಲಿನಲ್ಲಿ, ಗೊತ್ತಿರುವ ಮುಖಗಳ ನಡುವೆ ಇನ್ನೂ ಕೆಲಕಾಲ ಇರಬಹುದಿತ್ತು. ಗೆಲ್ಲುವ ಹಟ ನನ್ನದು, ಚರ್ಮ ಅದರದು. ವಾದ ಚೆನ್ನಾಗಿತ್ತು. ದೊಡ್ಡತ್ತೆ ಹೇಳಿದ್ದಕ್ಕಿಂತ ಚೆನ್ನಾಗಿತ್ತು. ಅದಕ್ಕೆ ಉತ್ತರ ಹುಡುಕದೆ ಬುಟ್ಟಿ ಇಳಿಸಬಾರದೆಂದುಕೊಂಡೆ.

ಆಸ್ಪತ್ರೆಯ ಡಾಕ್ಟರು ಎಮ್ಮೆಯೊಂದರ ಬಾಯಿ ನೋಡಿ ಕೈ ತೊಳೆಯುತ್ತಿದ್ದರು. ಬುಟ್ಟಿಯೊಳಗೆ ಬಗ್ಗಿ ನೋಡಿ, "ಇನ್ನೂ ಮರಿನಾ?" ಎಂದರು.

"ಇಲ್ಲ ಸಾರ್, ಇದಕ್ಕೆ ವಯಸ್ಸಾಗಿದೆ. ಇಷ್ಟೇ ಅದು."

ಗಂಟನ್ನು ತುಂಬ ಹೊತ್ತು ಮುಟ್ಟಿ ನೋಡಿದರು.

"ಬಿಟ್ಟರೆ?" ಎಂದು ಕೇಳಿದೆ.

"ಬೆಳೆಯುತ್ತೆ. ಒಡೆದು ಹುಣ್ಣಾಗಬಹುದು. ಎಷ್ಟು ದಿನ ಅಂತ ಕೇಳಬೇಡ, ಹೇಳಕ್ಕಾಗಲ್ಲ."

"ಕೊಯ್ದರೆ?"

"ಕೊಯ್ಯೋದು ದೊಡ್ಡ ಮಾತಲ್ಲಮ್ಮ. ಮೇಲುಮೇಲೆ ಇದೆ ಗಂಟು. ನಿದ್ದೆ ಬರ್ಸೋದು ದೊಡ್ಡ ಮಾತು. ಎತ್ತಿಗೆ ಎಷ್ಟು ಕೊಡಬೇಕು ನಂಗೆ ಗೊತ್ತು. ಇದಕ್ಕೆ ಒಂದು ಹನಿ ಕ್ಲೋರೋಫಾರ್ಮ್ ಜಾಸ್ತಿ ಆದ್ರೆ ಏಳಲ್ಲ. ಕಮ್ಮಿ ಆದ್ರೆ ನಡುವೆ ಎದ್ದು ಕೂರುತ್ತೆ. ಸುಳ್ಳು ಹೇಳಲ್ಲ, ಬರೀ ಅಂದಾಜು." ಅಪ್ಪನ ಕಡೆ ತಿರುಗಿದರು. "ಹೇಳಿ ಯಜಮಾನ್ರೆ."

"ಡಾಕ್ಟ್ರು ಹೇಳೋದೂ ಸರಿ..." ಎಂದು ಶುರುಮಾಡಿದ ಅಪ್ಪ, ನನ್ನ ಕಡೆ ನೋಡಿ ನಿಲ್ಲಿಸಿದ. ಅವನು ನಡುವೆ ನಿಲ್ಲಿಸಿದ್ದನ್ನು ನಾನು ಮೊದಲು ಕಂಡದ್ದು ಅಂದೇ. "ಅವಳನ್ನೇ ಕೇಳಿ," ಅಂದ.

"ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಮನೆಗೆ ಕರ್ಕೊಂಡು ಹೋಗ್ತಿದ್ದೆ," ಎಂದರು ಡಾಕ್ಟರು.

"ನೀವು ಅದರ ಜಾಗದಲ್ಲಿ ನಿಂತು ಹೇಳಿ ಸಾರ್. ಇದು ಮಲಗಿ ಎಷ್ಟು ಕಾಲ ಆಯ್ತೋ ಗೊತ್ತಿಲ್ಲ. ನಾಳೆ ಗೊತ್ತಿಲ್ಲದ ಪ್ರಾಣಿಗೆ ಇವತ್ತು ಒಂದೇ ಇರೋದು. ಇವತ್ತಂತೂ ಅದು ಮಲಗಕ್ಕಾಗದೆ ಕೂತಿದೆ. ಕೊಯ್ದ್ರೆ ಇರೋ ಎರಡು ದಾರಿಯಲ್ಲಿ ಯಾವುದಕ್ಕೆ ಹೋದ್ರೂ ಮಲಗುತ್ತೆ. ಮನೆಗೆ ಹೋದ್ರೆ ಮಾತ್ರ ಕೂತೇ ಇರುತ್ತೆ."

ರೈಲಿನಲ್ಲಿ ಹುಡುಕಿದ ಉತ್ತರ ಅದು. ಬಾಯಿಂದ ಹೊರಬಿದ್ದಾಗ ನಾನೇ ಬೆಚ್ಚಿದೆ, ಏಕೆಂದರೆ ಎರಡು ದಾರಿಯಲ್ಲಿ ಒಂದು ಸಾವು. ಆದರೂ ಆ ವಾಕ್ಯದಲ್ಲಿ ಒಂದು ಅಕ್ಷರವನ್ನೂ ನಾನು ಇಂದಿಗೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಡಾಕ್ಟರು ಹತ್ತಿ ಕೈಗೆ ತೆಗೆದುಕೊಂಡರು. "ಒಳಗೆ ಇರು. ಕಾಲು ಹಿಡ್ಕೋ. ಮಾತಾಡಬೇಡ, ಅಷ್ಟೇ."

ಮಾತಾಡಲಿಲ್ಲ. ಅವರು ಒಂದು ಹನಿ ಹಾಕಿ ಕಾಯುತ್ತಿದ್ದರು, ಉಸಿರು ನೋಡುತ್ತಿದ್ದರು, ಮತ್ತೆ ಹನಿ ಹಾಕುತ್ತಿದ್ದರು. ಸೂಜಿ ಎತ್ತಿನ ಚರ್ಮಕ್ಕೆಂದು ಮಾಡಿದ್ದು. ಹೊಲಿಗೆ ಹಾಕುವಾಗ ಅವರೇ ಗೊಣಗಿಕೊಂಡರು. ಗಂಟು ಹೊರಬಂದಾಗ ನಾಯಿ ಇನ್ನೂ ಚಿಕ್ಕದಾಯಿತು. ಕಣ್ಣು ತೆರೆಯಲು ಅದು ತುಂಬ ಹೊತ್ತು ತೆಗೆದುಕೊಂಡಿತು. ಆ ಹೊತ್ತಿನಲ್ಲಿ ನನ್ನ ಹತ್ತಿರ ಯಾವ ಪಕ್ಷವೂ ಇರಲಿಲ್ಲ.

ತೋಟದ ಗುಡಿಸಲಿನಲ್ಲಿ ನಾವಿಬ್ಬರೂ ಉಳಿದೆವು. ರಾತ್ರಿ ಅಪ್ಪ ಬಂದು ಹೊರಗೆ ಮಲಗುತ್ತಿದ್ದ; ಬೆಳಿಗ್ಗೆ ಬಾವಿಯಲ್ಲಿ ಸ್ನಾನ ಮಾಡಿಯೇ ಮನೆಗೆ ಹೋಗಬೇಕಿತ್ತು. ಮಧ್ಯಾಹ್ನದ ಊಟ ತರುತ್ತಿದ್ದವಳು ದೊಡ್ಡತ್ತೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೆಂದು ನೋಡಿಕೊಂಡು, ಸೊಪ್ಪಿನ ಸಾಲುಗಳ ಆಚೆ ಬುತ್ತಿ ಇಟ್ಟು, ಅಲ್ಲಿಂದಲೇ ಕೂಗುತ್ತಿದ್ದಳು.

"ತಿಂತಾ?"

"ಹಾಲು ನೆಕ್ಕಿತು."

"ಬುದ್ಧಿ ಬಂತಾ?"

"ಯಾರಿಗೆ, ನಾಯಿಗಾ?"

"ನಿಂಗೆ ಕಣೇ. ಹೆಣ್ಣು ಹುಡುಗಿ ಗುಡಿಸಲಲ್ಲಿ ಬಿದ್ದಿದೀಯ, ಊರೋರು ಏನಂತಾರೆ?"

"ಏನಂತಾರೆ ಅಂತ ಕೇಳ್ಕೊಂಡು ಬಾ. ಒಂದೊಂದಕ್ಕೂ ಉತ್ತರ ಕೊಡ್ತೀನಿ."

ಸುತ್ತಲಿನ ತೋಟಗಳಲ್ಲಿ ಸೊಪ್ಪು ಕೊಯ್ಯುವವರು ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ನನ್ನ ಜೀವಮಾನದಲ್ಲಿ ಅಷ್ಟು ದೂರಕ್ಕೆ ಕೇಳುವಂತೆ ನಾನು ಮತ್ತೆಲ್ಲೂ ವಾದ ಮಾಡಿಲ್ಲ.

ಒಂದು ಮಧ್ಯಾಹ್ನ ಅವಳು ಕೂಗಲಿಲ್ಲ. ನೋಡಿದರೆ ಸಾಲಿನ ಆಚೆ ಬುತ್ತಿ ಹಿಡಿದು ನಿಂತಿದ್ದಾಳೆ. ಗುಡಿಸಲಿನ ಮುಂದೆ ನಾಯಿ ಮಗ್ಗುಲಾಗಿ ನಾಲ್ಕೂ ಕಾಲು ಚಾಚಿ, ತಲೆಯನ್ನು ಮಣ್ಣಿಗಿಟ್ಟು ಬಿದ್ದಿತ್ತು.

"ಹೋಯ್ತಾ?" ಎಂದಳು, ಮೆಲ್ಲನೆ. ಮೆಲ್ಲನೆ ಅಂದರೂ ಕೇಳಿಸಿತು.

"ಮಲಗಿದೆ."

ಅವಳು ನಂಬಲಿಲ್ಲ. ಗಾಳಿ ನೋಡುವುದನ್ನೂ ಮರೆತು ಎರಡು ಸಾಲು ಈಚೆಗೆ ಬಂದಳು. ನಾಯಿಯ ಹೊಟ್ಟೆ ಏರಿಳಿಯುತ್ತಿತ್ತು. ಅವಳು ಅದನ್ನು ನೋಡುತ್ತ ನಿಂತಳು. ಆಮೇಲೆ ಬುತ್ತಿಯನ್ನು ಅಲ್ಲೇ ಇಟ್ಟು, "ಸೊಪ್ಪಿಗೆ ಜನ ಸಾಲದೆ ನಾನು ಒದ್ದಾಡ್ತಿದೀನಿ, ಇವಳು ನಾಯಿ ನಿದ್ದೆ ಕಾಯ್ತಾ ಕೂತಿದಾಳೆ," ಎಂದು ಗದರುತ್ತ ಹೊರಟುಹೋದಳು. ಆದರೆ ಗದರಿದ್ದು ಪಿಸುದನಿಯಲ್ಲಿ.

ಆ ಸಲದ ಬೆಳೆ ಚೆನ್ನಾಗಿ ಬರಲಿಲ್ಲ. ಕೆಲವು ತಟ್ಟೆ ಕೆಟ್ಟವು. ಊರಿನಲ್ಲಿ ಕಾರಣ ಆಗಲೇ ಸಿದ್ಧವಾಗಿತ್ತು: ನಾಯಿಯ ಔಷಧಿ ವಾಸನೆ. ಹೊಲದಾಚೆಯಿಂದ ಹಾರಿ ಬಂತಂತೆ. ಗೂಡು ಸಂತೆಗೆ ಹೋದ ಮೇಲೆ ನಾನು ನಾಯಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ನಡೆದು ಬರುವಾಗ ಪಕ್ಕದ ಮನೆಯಾಕೆ ಇದನ್ನೇ ಹೇಳಿದಳು.

"ನಿಮ್ಮನೇಲೂ ತಟ್ಟೆ ಕೆಟ್ಟವಲ್ಲ. ನೀವು ಯಾವ ನಾಯಿ ಕೊಯ್ಸಿದ್ರಿ?" ಎಂದೆ. ಅವಳು ಒಳಗೆ ಹೋದಳು. ಅಂಥ ವಾದಕ್ಕೆ ಉತ್ತರ ಸಿಕ್ಕದವರು ನನ್ನನ್ನು ಬಾಯಿಬಡುಕಿ ಎಂದು ಕರೆದರು. ಕರೆಯಲಿ. ಅದು ಉತ್ತರವಲ್ಲ. ನಾಯಿ ಅವತ್ತು ಮೇಜಿನ ಮೇಲೆಯೇ ಸತ್ತಿದ್ದರೂ ನಾನು ಇಷ್ಟನ್ನೇ ಬರೆಯುತ್ತಿದ್ದೆ. ಬದುಕಿತು ಎಂಬುದನ್ನು ನನ್ನ ವಾದಕ್ಕೆ ಸಾಕ್ಷಿಯಾಗಿ ತರುವುದೂ ಮೋಸವೇ.

ಮನೆಯ ಬಾಗಿಲಲ್ಲಿ ದೊಡ್ಡತ್ತೆ ಅಡ್ಡ ನಿಂತಿದ್ದಳು. ನಾಯಿಯನ್ನು ಕೆಳಗಿಳಿಸಿದೆ. ಅವಳು ಬಗ್ಗಿ, ಮೂಗು ಮುಂದೆ ಮಾಡಿ ಮೂಸಿದಳು. ಅಂಕುಡೊಂಕಾದ ಹೊಲಿಗೆಯ ಗೆರೆಯನ್ನು ನೋಡಿದಳು.

"ಇನ್ನೂ ವಾಸನೆ ಐತೆ."

"ನಿನ್ನ ಮೂಗಲ್ಲಿದೆ."

"ಇಲಿ ಹಿಡಿಯುತ್ತಾ ಇನ್ಮೇಲೆ?"

"ಗೊತ್ತಿಲ್ಲ. ಹಿಡಿದೇ ಇದ್ರೆ?"

ಅವಳು ಬಾಗಿಲಿನಿಂದ ಸರಿಯಲಿಲ್ಲ, ನನ್ನನ್ನೇ ನೋಡುತ್ತ ನಿಂತಳು. ನಾನೂ ಅವಳನ್ನೇ ನೋಡುತ್ತ ನಿಂತೆ. ಇಬ್ಬರಲ್ಲಿ ಒಬ್ಬರು ಮೊದಲು ಮಾತಾಡುವವರೆಗೆ ಕಾಯುವ ತಾಳ್ಮೆ ನಾಯಿಗಿರಲಿಲ್ಲ. ಅದು ದೊಡ್ಡತ್ತೆಯ ಎರಡು ಕಾಲುಗಳ ನಡುವಿನಿಂದ ತೂರಿ, ಅವಳ ಸೀರೆಯ ಅಂಚನ್ನೂ ಅಲುಗಿಸದೆ, ಒಳಗೆ ಹೋಯಿತು.