ಯೂಸುಫಸಾಬರ ಮೂರನೆಯ ಗುಳಿ

ರಾಣೇಬೆನ್ನೂರಿನಲ್ಲಿ ಬಾಗಿಲು ಮಾಡುವವರಿಗೆ ಬರವಿರಲಿಲ್ಲ. ಆದರೆ ಮಳೆಗಾಲದಲ್ಲಿ ಬಿಗಿಯಾಗದ, ಬೇಸಿಗೆಯಲ್ಲಿ ಸಂದು ಬಿಡದ ಚೌಕಟ್ಟು ಬೇಕೆಂದರೆ ಕುಪ್ಪೇಲೂರಿನಿಂದಲೂ ಜನ ಯೂಸುಫಸಾಬರನ್ನು ಹುಡುಕಿಕೊಂಡು ಬರುತ್ತಿದ್ದರು. ತಂದೆ ಕಲಿಸಿದ ಕೆಲಸ. ಇಪ್ಪತ್ತೆರಡು ವರ್ಷ ಅದೇ ಉಳಿ, ಅದೇ ಕೊಡತಿ. ಸಾವಿರದ ಒಂಬೈನೂರ ತೊಂಬತ್ತೆರಡರ ಹೊತ್ತಿಗೆ ಊರಿಗೆ ಮಶೀನಿನಲ್ಲಿ ಮಾಡಿದ ರೆಡಿಮೇಡ್ ಬಾಗಿಲುಗಳು ಬಂದವು. ಆ ಬೇಸಿಗೆ ಎರಡು ತಿಂಗಳು ಅವರ ಅಂಗಳದಲ್ಲಿ ಕಟ್ಟಿಗೆಯ ಹೊಟ್ಟು ಬೀಳಲಿಲ್ಲ.

ಹೆಂಡತಿ ಸುಗರಾಬಿಯ ಅಣ್ಣ ಮಹಮ್ಮದಗೌಸ ಹಾವೇರಿಯ ಒಂದು ಕಟ್ಟಿಗೆ ಅಡ್ಡೆಯಲ್ಲಿ ಮೇಸ್ತ್ರಿ. ದಿಮ್ಮಿ ಉರುಳಿಸಲು ಜನ ಬೇಕು, ಭಾವನನ್ನು ಕಳಿಸು ಎಂದು ಎರಡು ಸಲ ಹೇಳಿ ಕಳಿಸಿದ್ದ. ಸುಗರಾಬಿಗೆ ಅದು ಬೇಡವಾಗಿತ್ತು. ಒಂದು ಸಲ ಉಳಿ ಬಿಟ್ಟ ಕೈ ಮತ್ತೆ ಉಳಿ ಹಿಡಿಯುವುದಿಲ್ಲ ಎಂದು ಅವಳಿಗೆ ಖಾತ್ರಿ. ಗಂಡ ಎಂಥವರೆಂದೂ ಗೊತ್ತಿತ್ತು: ಹಾರ್ಮೋನಿಯಂ ರಿಪೇರಿ ಕಲಿಯಲು ಹೋಗಿ ಎಂಟನೆಯ ದಿನಕ್ಕೆ ಬಿಟ್ಟು ಬಂದವರು.

ಅಂಥ ಹೊತ್ತಿನಲ್ಲಿ ಬ್ಯಾಡಗಿಯ ಕರಬಸಪ್ಪ ಬಂದ. ಹಗಲು ಮೆಣಸಿನಕಾಯಿ ಅಂಗಡಿಯಲ್ಲಿ ದುಡಿದು, ಮದುವೆ ಸೀಜನ್ನಿನಲ್ಲಿ ಆರ್ಕೆಸ್ಟ್ರಾದಲ್ಲಿ ಕರೆಂಟಿನ ಗಿಟಾರು ನುಡಿಸುವವನು. ಟೆಂಪೋದಿಂದ ಬಿದ್ದು ಗಿಟಾರಿನ ಮೈ ಎರಡು ಹೋಳಾಗಿತ್ತು. ಕತ್ತು, ತಂತಿ, ವೈರು ಎಲ್ಲ ನೆಟ್ಟಗಿದ್ದವು.

"ಮೈ ಒಂದು ಮಾಡಿಕೊಡ್ರಿ ಯೂಸುಫಸಾಬ್ರ. ಶುಕ್ರವಾರ ಪ್ರೋಗ್ರಾಮ್ ಐತಿ."

"ಒಳಗ ಪೊಳ್ಳ ಇಲ್ಲೇನು ಇದು?"

"ಪೊಳ್ಳ ಇರೂದಿಲ್ರಿ, ಗಟ್ಟಿ ಹಲಿಗಿ. ತಂತಿ ಕೆಳಗ ಮೂರು ಗುಳಿ ತಗೀಬೇಕು. ಅದರಾಗ ಈ ಪಿಕಪ್ ಕುಂದರ್ತಾವು."

ಪಿಕಪ್ ಎಂದರೆ ಬೆರಳುದ್ದದ ಡಬ್ಬಿ. ಒಳಗೆ ಅಯಸ್ಕಾಂತ, ಅದಕ್ಕೆ ಸುತ್ತಿದ ಕೂದಲಿನಂಥ ತಾಮ್ರದ ತಂತಿ. ಮೇಲಿನ ತಂತಿ ಅಲುಗಿದ್ದನ್ನು ಹಿಡಿದು ಸದ್ದು ಮಾಡುವ ಪೆಟ್ಟಿಗೆಗೆ ಕಳಿಸುತ್ತದೆ. ಗುಳಿ ಸಡಿಲಾದರೆ ಡಬ್ಬಿ ನಡುಗುತ್ತದೆ, ಬಿಗಿಯಾದರೆ ಕೂರುವುದೇ ಇಲ್ಲ. ಮುಕ್ಕಾಲು ಇಂಚು ಆಳ, ಅಷ್ಟೇ; ಹಲಗೆಯ ಆಚೆ ಬದಿಗೆ ತೂರುವಂತಿಲ್ಲ.

ಯೂಸುಫಸಾಬರ ಹತ್ತಿರ ಒಂಬತ್ತು ವರ್ಷ ಒಣಗಿದ ಸಾಗವಾನಿಯ ಒಂದೇ ಒಂದು ಅಗಲ ಹಲಗೆ ಇತ್ತು. ಅದನ್ನೇ ತೆಗೆದರು. "ಇದು ಆದರ ಆತು. ಆಗಲಿಲ್ಲಂದ್ರ ನಿಮ್ಮಣ್ಣನ ದಿಮ್ಮಿ ಇದ್ದ ಅದಾವು," ಅಂದರು ಹೆಂಡತಿಗೆ. ಸುಗರಾಬಿ ಒಂಬತ್ತು ತಿಂಗಳ ಮಗಳನ್ನು ಸೊಂಟಕ್ಕೆ ಏರಿಸಿಕೊಂಡು ಹಲಗೆಯ ಮೇಲಿನ ಧೂಳು ಒರೆಸಿದಳು.

ಮೈಯ ಆಕಾರ ಎರಡೇ ದಿನದಲ್ಲಿ ಬಂತು. ಗುಳಿಗಳು ಮಾತ್ರ ತಲೆ ತಿಂದವು. ಪೇಟೆಯವರಿಗಾದರೆ ಇಂಥ ಗುಳಿ ತೋಡಲು ಮಶೀನು ಇರುತ್ತದಂತೆ. ಇವರಿಗೆ ಬೈರಿಗೆಯಿಂದ ಸಾಲಾಗಿ ತೂತು ಕೊರೆದು, ನಡುವಿನದನ್ನು ಉಳಿಯಿಂದ ಕೆತ್ತಬೇಕು. ಮೊದಲ ಗುಳಿಗೆ ಒಂದು ಇಡೀ ದಿನ. ಎರಡನೆಯದಕ್ಕೆ ಅರ್ಧ ದಿನ. ಮೂರನೆಯದು ಓರೆ. ಹಳೆಯ ಮೈಯಲ್ಲಿ ಓರೆಯೇ ಇತ್ತು, ಹಾಗೆಯೇ ಬೇಕೆಂದು ಕರಬಸಪ್ಪ ಹೇಳಿ ಹೋಗಿದ್ದ. ಓರೆಗೆ ಉಳಿ ಇಟ್ಟರೆ ಕಟ್ಟಿಗೆಯ ಎಳೆ ಕಿತ್ತು ಬರುತ್ತಿತ್ತು. ಒಂದು ಅಂಚು ನೇರ ಮಾಡಿದರೆ ಇನ್ನೊಂದು ಸಿಗಿಯುತ್ತಿತ್ತು.

"ಇಷ್ಟು ಬಾಗಿಲ ಮಾಡೇನಿ, ಒಂದರ ಓರೆ ಮಾಡೇನೇನು?" ಬುಧವಾರ ಮಧ್ಯಾಹ್ನ ಅವರು ಕೊಡತಿ ಕೆಳಗಿಟ್ಟು ಕೇಳಿದರು. "ಓರೆ ಮಾಡಿದ್ರ ಮಂದಿ ನನ್ನ ಬಡೀತಿದ್ರು. ಇವ ಓರೆ ಬೇಕಂತಾನ."

"ರೊಟ್ಟಿ ತಿಂದು ಮಾಡ್ರಿ. ಹಸಿದ ಕೈ ಸಿಟ್ಟು ಮಾಡತೈತಿ."

ಅವರು ಒಳಗೆ ಹೋದರು. ಮಗು ಅಂಬೆಗಾಲಿಡುತ್ತ ಹಲಗೆಯ ಕಡೆಗೇ ಹೊರಟಿತ್ತು. ಗುಳಿಯೊಳಗೆ ಮಣ್ಣು ತುಂಬೀತೆಂದು ಸುಗರಾಬಿ ಹಲಗೆಯನ್ನು ಮಗುಚಿ ಹಾಕಿ, ಹೊಟ್ಟು ಗುಡಿಸಿದಳು.

ಬಾಗಿಲು ಮಾಡುವವರ ರೂಢಿ ಒಂದಿದೆ. ಅಡ್ಡಪಟ್ಟಿ ಕೂರುವ ತೂತನ್ನು ಒಂದೇ ಕಡೆಯಿಂದ ಕೊರೆದರೆ ಆಚೆ ಬದಿಯಲ್ಲಿ ಕಟ್ಟಿಗೆ ಸಿಡಿಯುತ್ತದೆ. ಅದಕ್ಕೆ ಮೂಲೆ ಅಳೆಯುವ ಮೂಲಮಟ್ಟ ಹಿಡಿದು ಎರಡೂ ಬದಿಗೆ ಗೆರೆ ಎಳೆದು, ಈ ಕಡೆಯಿಂದ ಅರ್ಧ, ಆ ಕಡೆಯಿಂದ ಅರ್ಧ ಕೊರೆಯುತ್ತಾರೆ. ಗಿಟಾರಿಗೆ ಹಿಂದಿನ ಗೆರೆ ಬೇಕಿರಲಿಲ್ಲ. ಆದರೂ ಇಪ್ಪತ್ತೆರಡು ವರ್ಷದ ಕೈ ಎಳೆದುಬಿಟ್ಟಿತ್ತು.

ಊಟ ಮಾಡಿ ಬಂದ ಯೂಸುಫಸಾಬರು ಮಗುಚಿದ ಹಲಗೆಯ ಮುಂದೆ ಕೂತರು. ಓರೆ ಗೆರೆ ಕಂಡಿತು. ತಲೆಯಲ್ಲಿ ಕರಬಸಪ್ಪನ ಮೇಲಿನ ಸಿಟ್ಟು ಇನ್ನೂ ಇಳಿದಿರಲಿಲ್ಲ; ತೋಡಿದ ಗುಳಿಗಳು ಕಾಣದ್ದೂ ಗಮನಕ್ಕೆ ಬರಲಿಲ್ಲ. ಬೈರಿಗೆ ಹಾಕಿದರು, ಉಳಿ ಹಿಡಿದರು. ಈ ಸಲ ಎಳೆ ಕೀಳದೆ ಉಳಿ ಚೆಂದ ಓಡಿತು. ಸುಗರಾಬಿ ಬೇಳೆ ಆರಿಸುತ್ತ ಕೂತಿದ್ದಳು. ಕೊಡತಿಯ ಸದ್ದು ಒಮ್ಮೆಲೆ ನಿಂತಾಗ ತಲೆ ಎತ್ತಿದಳು. ಗಂಡ ಹಲಗೆಯನ್ನು ಎತ್ತಿ ಹಿಡಿದಿದ್ದರು. ಓರೆ ಗುಳಿ ಆಚೆಗೂ ತೂತಾಗಿ, ಅದರೊಳಗಿಂದ ಅಂಗಳದ ಬಿಸಿಲು ಕಾಣುತ್ತಿತ್ತು.

ಯೂಸುಫಸಾಬರು ಉಳಿಗಳನ್ನು ಒಂದೊಂದಾಗಿ ಒರೆಸಿ ಗೋಣಿತಾಟಿನಲ್ಲಿ ಸುತ್ತಿದರು.

"ನಾನ ಮಗಚಿದೆ," ಅಂದಳು ಸುಗರಾಬಿ. "ಕೂಸು ಬಂತಂತ."

"ನೀ ಮಗಚಿದ್ರ ಏನಾತು, ಕೊರದಾವ ನಾನು. ಕಣ್ಣ ಇರಲಿಲ್ಲೇನು ನನಗ? ನಿಮ್ಮಣ್ಣಗ ಬರ್ತೇನಂತ ಹೇಳಿ ಕಳಸು."

"ಕಳಸ್ತೇನಿ. ಆದರ ಕರಬಸಪ್ಪಗ ನಾ ಹೇಳಾಕಿ ಅಲ್ಲ. ನಿಮ್ಮ ಬಾಯಿಲೆ ನೀವ ಹೇಳ್ರಿ."

ಗುರುವಾರ ಬೆಳಿಗ್ಗೆ ಕರಬಸಪ್ಪ ಬಂದ. ಹಲಗೆಯ ತೂತಿನಲ್ಲಿ ಬೆರಳು ತೂರಿಸಿ ಆಚೆ ಕಡೆ ಅಲ್ಲಾಡಿಸಿದ.

"ಯೂಸುಫಸಾಬ್ರ, ಕಿಟಕಿ ಯಾಕ ಇಟ್ರಿ ಇದಕ್ಕ? ಸೆಕಿ ಆಗತೈತಂತೇನು?"

"ತಪ್ಪಾತು. ಬಾಗಲಾ ಮಾಡೋ ಕೈ. ಬ್ಯಾರೆ ಹಲಿಗಿ ಇಲ್ಲ ನನ್ನ ಕಡೆ."

"ಇರಲಿ ಬಿಡ್ರಿ, ಹಂಗ ಕೊಡ್ರಿ. ಮಂದಿ ಮುಂದ ಕುಂತಿರ್ತಾರ, ನನ್ನ ಬೆನ್ನ ಹಿಂದ ಯಾರ ಬರ್ತಾರ? ಪಿಕಪ್ಪಿಗೆ ತಳ ಬ್ಯಾಡ, ಮುಂದ ಮುಚ್ಚೂ ತಗಡಿಗೆ ಜೋತು ಬೀಳತೈತಿ."

"ತೂತ ಬಿದ್ದ ಮಾಲು ನಾ ಕೊಡೂದಿಲ್ಲ."

"ಮತ್ತ ನಾಳೆ ನಾ ಏನ ಬಾರಸ್ಲಿ, ತಾಟು ಬಾರಸ್ಲ್ಯಾ?"

ಇಬ್ಬರೂ ಮುಖ ತಿರುವಿ ಕೂತರು. ಸುಗರಾಬಿ ಚಹಾ ತಂದಿಟ್ಟಳು. "ಡಬ್ಬಿಗೆ ಮುಚ್ಚಳ ಮಾಡಿದಂಗ ಮಾಡಾಕ ಬರೂದಿಲ್ಲೇನ್ರಿ?" ಅಂದಳು ಮೆಲ್ಲಗೆ. "ಮುಚ್ಚಳ ತಗದು ಹಿಂದಿನಿಂದ ವೈರೂ ಹಾಯಸಬೌದು."

ಯೂಸುಫಸಾಬರು ತೂತಿನ ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಚಹಾ ಆರಿತು. ಬಹಳ ಹೊತ್ತಿನ ಮೇಲೆ ಗೋಣಿತಾಟು ಬಿಚ್ಚಿದರು.

ತೂತಿನ ಸುತ್ತ ಸಣ್ಣ ಮೆಟ್ಟಿಲು ಕೆತ್ತಿ, ಉಳಿದ ಚೂರಿನಲ್ಲಿ ಮುಚ್ಚಳ ಮಾಡಿ, ನಾಲ್ಕು ಸ್ಕ್ರೂ ಹಾಕುವಷ್ಟರಲ್ಲಿ ಸಂಜೆಯಾಯಿತು. ಎರಡು ಸಲ ಮುಚ್ಚಳ ಸೀಳಿತು. ಮೂರನೆಯದು ಕೂತಿತು, ಆದರೆ ಒಂದು ಮೂಲೆ ನೂಲಿನಷ್ಟು ಎದ್ದೇ ನಿಂತಿತು. ಕರಬಸಪ್ಪ ತಂತಿ ಕಟ್ಟಿ, ತಾನು ತಂದಿದ್ದ ಪೆಟ್ಟಿಗೆಗೆ ವೈರು ಸಿಕ್ಕಿಸಿದ. ಜುಂಯ್ ಎಂಬ ಸದ್ದು, ಅದರ ಮೇಲೆ ಸ್ವರ. ಮಗು ಬೆಚ್ಚಿ ಅತ್ತಿತು.

"ಭಾರಿ ಆತು," ಅಂದ ಕರಬಸಪ್ಪ.

"ಏನ ಭಾರಿ? ಮೂಲಿ ಎದ್ದೈತಿ," ಅಂದರು ಯೂಸುಫಸಾಬರು. ಅವನು ಕೊನೆಯ ಬಸ್ಸಿಗೆ ಓಡಿದ.

ಶನಿವಾರ ಮಹಮ್ಮದಗೌಸ ತಾನೇ ಬಂದ. "ಭಾವ ಎಲ್ಲೆ? ಬರ್ತಾರಂತ ಹೇಳಿ ಕಳಿಸಿದ್ದೆಲ್ಲ?"

"ಮೋಟೆಬೆನ್ನೂರಿಗೆ ಹೋಗ್ಯಾರಣ್ಣ. ಅಲ್ಲೆ ಹಳೇ ಮನಿ ಕೆಡವ್ಯಾರಂತ, ಒಣಗಿದ ಹಲಿಗಿ ಸಿಗತೈತೇನೋ ನೋಡಾಕ."

"ಯಾಕ?"

"ಇನ್ನೊಂದು ಗಿಟಾರಿಗೆ."

"ಯಾರು ಕೇಳ್ಯಾರ ಇನ್ನೊಂದ?"

"ಯಾರೂ ಕೇಳಿಲ್ಲ," ಅಂದಳು ಸುಗರಾಬಿ. "ಆ ಮುಚ್ಚಳದ ಮೂಲಿ ಎದ್ದದ್ದು ಅವರ ಮನಸಿಗೆ ಸೇರಿಲ್ಲ."