ಸೇಮ್ ಸೀರೆ

ಹೊಸ ಮನೆಯ ವಾಸ್ತುಶಾಂತಿಯ ದಿನ ಏನೇನು ಕೆಡಬಹುದೆಂದು ನಾನು ಮೊದಲೇ ಯೋಚಿಸಿ ಮುಗಿಸಿದ್ದೆ. ನಳದ ನೀರು ಬಾರದಿರಬಹುದಿತ್ತು. ಹೋಮದ ಹೊಗೆಗೆ ಹೊಸ ಬಣ್ಣ ಕರ್ರಗಾಗಬಹುದಿತ್ತು. ಹೂರಣ ಹಳಸಬಹುದಿತ್ತು. ತಿಕೋಟಾದ ಅಕ್ಕ ಬಾರದಿರಬಹುದಿತ್ತು. ಬಬಲೇಶ್ವರದ ತಂಗಿ ಬಂದು, ಅಕ್ಕನನ್ನು ಕಂಡು, ಉಣ್ಣದೇ ಹೊರಡಬಹುದಿತ್ತು. ಮೊದಲಿನವು ನನ್ನ ಸ್ವಭಾವದ ಕಾಯಿಲೆ, ಕೊನೆಯೆರಡು ನಿಜವಾದ ಭಯ. ಹೋದ ವರ್ಷ ಮದುವೆಯೊಂದರಲ್ಲಿ ನಾನು ಇವರಿಗೆ ಕೊಟ್ಟ ಸೀರೆಗಳ ಪೈಕಿ ಒಂದರ ಅಂಚಿನ ದಡಿ ಅಗಲ, ಇನ್ನೊಂದರದು ಸಣ್ಣದು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

"ಈ ಸಲ ಸೇಮ್ ತರ್ರಿ," ಎಂದಳು ಹೆಂಡತಿ.

ಎಂಥ ಶಬ್ದ ನೋಡಿ! ಚಹಾದಂಗಡಿಯಲ್ಲಿ "ನನಗೂ ಸೇಮ್" ಎಂದರೆ ಬರೀ ಸೋಮಾರಿತನ. ಡಾಕ್ಟರು "ಸೇಮ್ ಗುಳಿಗಿ" ಎಂದರೆ ಕೆಟ್ಟಿಲ್ಲ, ಸುಧಾರಿಸಿಯೂ ಇಲ್ಲ. ಕೂಸನ್ನು ನೋಡಿ "ಸೇಮ್ ಅವರಪ್ಪ" ಎಂದರೆ ಹೊಗಳಿಕೆಯೋ ದೂರೋ, ಅದು ಹೇಳಿದವರು ಯಾವ ಕಡೆಯವರು ಎಂಬುದರ ಮೇಲೆ. ಸೀರೆಯ ಮಟ್ಟಿಗೆ ಮಾತ್ರ ಸೇಮ್ ಎಂದರೆ ನ್ಯಾಯ.

ಸಿದ್ಧೇಶ್ವರ ಗುಡಿ ಹತ್ತಿರದ ಅಂಗಡಿಯಲ್ಲಿ ಎರಡು ಸೀರೆ ಬಿಸಿಲಿಗೆ ಹಿಡಿದು, ದಡಿಗೆ ದಡಿ ಕೂಡಿಸಿ ನೋಡಿದೆ. "ಯಜಮಾನ್ರ, ಅವಳಿ ಕೂಸುಗೋಳ್ನೂ ಯಾರೂ ಇಷ್ಟು ನೋಡಂಗಿಲ್ರಿ," ಎಂದ ಅಂಗಡಿಯವ.

ಹೆಣ್ಣುಮಕ್ಕಳನ್ನು ಕರೆಯಲು ಹೋದಾಗಲೇ ಸೀರೆ ಕೊಡುವುದು ನಮ್ಮ ಮನೆಯ ರೂಢಿ. ತಿಕೋಟಾದಲ್ಲಿ ಅಕ್ಕ ಸೀರೆ ಹೊರಳಿಸಿ, "ಆಕಿಗೆ ಎಂಥಾದ್ದು?" ಎಂದಳು.

"ಸೇಮ್."

ಮುಖ ಇಳಿಯಿತು. ಕಡಿಮೆಯಾದರೆ ಸಿಟ್ಟು ಬರುತ್ತದೆ ಎಂದಷ್ಟೇ ನಾನು ತಿಳಿದಿದ್ದೆ. ಸರಿಸಮವಾದರೂ ಖುಷಿಯಾಗುವುದಿಲ್ಲ ಎಂಬುದು ಹೊಸ ಪಾಠ. ಹೆದರಿ, "ನಿನ್ನ ಸೀರಿ ಜರಿ ಜರಾ ಛಲೋ ಐತಿ. ಆಕಿ ಮುಂದ ಅನಬ್ಯಾಡ," ಎಂದುಬಿಟ್ಟೆ. ಮುಖ ಅರಳಿತು. ಬಬಲೇಶ್ವರದಲ್ಲೂ ಅದೇ ಪ್ರಶ್ನೆ, ಅದೇ ಮುಖ. ನನ್ನ ಬಾಯಲ್ಲೂ ಅದೇ ಮಾತು.

ವಾಸ್ತುಶಾಂತಿಯ ದಿನ ನಳ ಬಂತು, ಬಣ್ಣ ಉಳಿಯಿತು, ಇಬ್ಬರೂ ಬಂದರು. ಅಡುಗೆಮನೆಗೆ ಇಣುಕಿದರೆ ಒಂದೇ ಬಣ್ಣದ ಎರಡು ಬೆನ್ನು, ತಲೆ ತುಂಬ ಸೆರಗು. ಇಬ್ಬರೂ ಬಾಗಿ ಸೆರಗಿನ ಜರಿ ಹೋಲಿಸುತ್ತಿದ್ದರು. ನಾನು ಬಾಗಿಲ ಮರೆಗೆ ಸರಿದೆ.

"ನಿಂದು ಛಲೋ ಐತಿ ಅಂತ ನಿನಗೂ ಅಂದಾನೇನ?" ಎಂದಳು ಅಕ್ಕ.

"ಹೂಂ ಬೇ ಅಕ್ಕಾ. ನಿನ್ನ ಮುಂದ ಅನಬ್ಯಾಡ ಅಂತಾನೂ ಹೇಳ್ಯಾನ!"

ಇಬ್ಬರೂ ಬಿದ್ದು ಬಿದ್ದು ನಕ್ಕರು. ವರ್ಷದಿಂದ ಒಬ್ಬರಿಗೊಬ್ಬರು ಆಡದ ಮಾತೆಲ್ಲ ಆಮೇಲೆ ನನ್ನ ಮೇಲೆಯೇ ಆಡಿ ತೀರಿಸಿಕೊಂಡರು. ಊಟಕ್ಕೂ ಒತ್ತಿಕೊಂಡೇ ಕೂತರು. ನಾನು ತುಪ್ಪ ಬಡಿಸಲು ಬಗ್ಗಿದಾಗ ಅಕ್ಕ ಗಂಭೀರವಾಗಿ ಕೇಳಿದಳು: "ಲೇ ತಮ್ಮಾ, ಯಾರಿಗೆ ಜರಾ ಜಾಸ್ತಿ?"

ಚಮಚವನ್ನು ಅತ್ತ ಒಯ್ದೆ, ಇತ್ತ ಒಯ್ದೆ. ತುಪ್ಪ ಇಬ್ಬರ ತಾಟಿಗೂ ಬೀಳದೆ ನನ್ನ ಹೊಸ ಧೋತರದ ಮೇಲೆ ಬಿತ್ತು. ಆ ದಿನ ಕೆಟ್ಟದ್ದು ಅದೊಂದೇ.